ಐನೂರ ನಲವತ್ತು

ಸರಿಯಾಗಿ ಐನೂರು ಮಾಡಮ್ಮ, ಲೆಕ್ಕ ಸುಲಭ
ಅನ್ನುತ್ತಾರೆ ಶಿಡ್ಲಘಟ್ಟದ ಪೋಸ್ಟಾಫೀಸಿನ ಮೇಡಮ್ಮು.
ಬೇಡ, ಐನೂರ ನಲವತ್ತೇ ಇರಲಿ.
ನೂರಕ್ಕೆ ಐದರಂತೆ ಕಮಿಷನ್ನು ಇಪ್ಪತ್ತೇಳು.
ಬಿಸಿನೀರಲ್ಲಿ ಬೆಂದ ಬೆರಳಿಂದ
ಒದ್ದೆ ನೋಟು ಒಂದೊಂದೇ ಬಿಡಿಸುತ್ತೇನೆ;
ಹಿಂದೆ ನಿಂತವರು ಮೂಗಿಗೆ ಸೆರಗು ಹಿಡಿಯುತ್ತಾರೆ.
ಹುಳದ ವಾಸನೆ. ಸೋಪು ಹಾಕಿದರೂ ಹೋಗದು,
ನೋಟಿಗೂ ಹತ್ತಿದೆಯೇನೋ.
ಹತ್ತಿರಲಿ. ಮೂಸಿದರೆ ಅವನಿಗೆ
ಮನೆಯದು ಅಂತ ಗೊತ್ತಾಗುತ್ತದೆ
ಅಂದುಕೊಂಡೆ. ಆಮೇಲೆ ನೆನಪಾಯಿತು,
ಈ ನೋಟು ಅಲ್ಲಿಗೆ ಹೋಗುವುದಿಲ್ಲ.
ಹೋಗುವುದು ಬರೀ ಅಂಕಿ.

ಹಣ ಪಡೆಯುವವರ ಹೆಸರು:
ಪಿಳ್ಳಾಂಜಿನಪ್ಪ. ತಾತನ ಹೆಸರು.
ಚೌಕಗಳಲ್ಲಿ ಹಿಡಿಸದೆ ಕೊನೆಯ ‘ಪ್ಪ’ ಹೊರಗೆ ನಿಂತಿತು.
ಮನೆಯಲ್ಲಿ ಅಂಜಿ, ಆಟೋ ಸ್ಟ್ಯಾಂಡಿನಲ್ಲಿ ಪಿಳ್ಳ,
ಈಗ ಮುಂದೊಂದು ನಂಬರು,
ಕೆಳಗೆ ಸೂಪರಿಂಟೆಂಡೆಂಟರ ಮುಖಾಂತರ,
ಜಿಲ್ಲಾ ಕಾರಾಗೃಹ, ಚಿಕ್ಕಬಳ್ಳಾಪುರ.
ಬಸ್ಸಿನಲ್ಲಿ ಮುಕ್ಕಾಲು ಗಂಟೆ.
ಅಂಚೆಯಲ್ಲಿ ಎಷ್ಟು ದಿನವೋ.

ಸಂದೇಶ ಯಾವ ನಂಬರು ಹಾಕಲಿ? ಎಂದರು.
ಗೋಡೆಗೆ ಪಟ್ಟಿ ಅಂಟಿಸಿದ್ದಾರೆ:
ಹಬ್ಬಕ್ಕೊಂದು, ಮದುವೆಗೊಂದು,
ಪರೀಕ್ಷೆ ಪಾಸಾದವರಿಗೊಂದು.
ಜಾಮೀನಿಗೆ ಇಬ್ಬರು ಸಿಗಲಿಲ್ಲ ಅನ್ನುವುದಕ್ಕೆ ನಂಬರಿಲ್ಲ.
ವಕೀಲರು ಫೋನೆತ್ತುತ್ತಿಲ್ಲ ಅನ್ನುವುದಕ್ಕಿಲ್ಲ.
ನಿನ್ನ ಆಟೋ ಸ್ಟೇಷನ್ ಅಂಗಳದಲ್ಲೇ ಇದೆ,
ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿದೆ
ಅನ್ನುವುದಕ್ಕೂ ಇಲ್ಲ.
ಖಾಲಿ ಬಿಟ್ಟೆ.

ಮಾರ್ಕೆಟ್ಟಿನ ಗೇಟಿನಲ್ಲಿ, ಗೂಡು ಮಾರಿ ಬಂದವನ
ಕೈಚೀಲ ಹೋದ ದಿನ ಆಟೋ ಇವನದೇ.
ಕಿತ್ತವನು ಇನ್ನೂ ಸಿಕ್ಕಿಲ್ಲ.
ಇವನಿಗೆ ಗೊತ್ತಿತ್ತೋ, ಗೊತ್ತಿರಲಿಲ್ಲವೋ,
ನಾನು ಕೇಳಿಲ್ಲ.
ಕೇಳಿದರೆ ಹೇಳಿಬಿಟ್ಟಾನು.

ಅತಾವುಲ್ಲಾ ಸಾಬರು ಮುಂಗಡ ಕೊಡುವಾಗ
ಒಂದೇ ಮಾತು: ಸೋಪಿಗೆ ಕಳಿಸಮ್ಮ, ಬೀಡಿಗಲ್ಲ.
ಯಾವ ರೂಪಾಯಿಗೆ ಹೇಳಲಿ
ನೀನು ಸೋಪಿಗೆ, ನೀನು ಬೀಡಿಗೆ ಅಂತ?

ರೇಷನ್ ಅಂಗಡಿಯ ಮಿಷಿನ್ನಿಗೆ ನನ್ನ ಹೆಬ್ಬೆಟ್ಟು ಸಿಗುವುದಿಲ್ಲ,
ಹದಿನಾಲ್ಕು ವರ್ಷದ ಬಿಸಿನೀರು ಗೆರೆಯೆಲ್ಲ ತಿಂದಿದೆ.
ಅವನ ಹತ್ತೂ ಬೆರಳು ಸ್ಟೇಷನ್ನಿನಲ್ಲಿ
ಚೊಕ್ಕವಾಗಿ ಮೂಡಿವೆಯಂತೆ.
ವಕೀಲರ ಗುಮಾಸ್ತ ಕಾಗದ ಓದಿ ಹೇಳಿದ:
ವಯಸ್ಸು ಇಪ್ಪತ್ತಮೂರು, ಬಣ್ಣ ಎಣ್ಣೆಗೆಂಪು,
ಗುರುತಿನ ಚಿಹ್ನೆ,
ಎಡಮೊಣಕೈ ಮೇಲೆ ಹಳೆಯ ಸುಟ್ಟ ಕಲೆ.

ಆ ಕಲೆ ನನ್ನದು.
ಬೇಳೆ ಡಬ್ಬಿಯಿಂದ ನಲವತ್ತು ರೂಪಾಯಿ ಹೋಗಿತ್ತು.
ಅವನಿಗೆ ಒಂಬತ್ತು, ನನಗೆ ಹದಿನೇಳು,
ಅಮ್ಮ ಸತ್ತು ವರ್ಷ ತುಂಬಿರಲಿಲ್ಲ.
ಒಲೆಯ ಮೇಲೆ ಮೊಗಚುವ ಕೈ ಕಾದಿತ್ತು.
ಅತ್ತ. ತೆಗೆದೆ ಅನ್ನಲಿಲ್ಲ,
ತೆಗೆದಿಲ್ಲ ಅನ್ನಲಿಲ್ಲ.
ರಾತ್ರಿ ನನ್ನ ಪಕ್ಕದಲ್ಲೇ ಬಂದು ಮಲಗಿ
ಊದು, ಅಂದ.
ಅವನಿಗೆ ನಿದ್ದೆ ಹತ್ತಿದ ಮೇಲೂ ಊದುತ್ತಿದ್ದೆ.

ಹೋದ ಸೋಮವಾರ ಮುಲಾಕಾತಿಗೆ ಹೋಗಿದ್ದೆ.
ಜಾಲರಿಯ ಆಚೆ ಹತ್ತು ಜನ, ಈಚೆ ಹತ್ತು,
ಎಲ್ಲರೂ ಕೂಗುತ್ತಾರೆ,
ಯಾರ ಹೆಂಡತಿ ಯಾರಿಗೆ ಉತ್ತರ ಕೊಡುತ್ತಾಳೋ ತಿಳಿಯದು.
ಅಂಜಿ ತೋಳು ಮಡಿಸಿ ಮೊಣಕೈ ಜಾಲರಿಗೆ ಒತ್ತಿ ನಕ್ಕ:
ಅಕ್ಕಾ, ಒಳಗೆ ಕರ್ಕೊಂಡಾಗ ಇದನ್ನೇ ನೋಡಿ ಬರ್ಕೊಂಡ್ರು.
ಮುಂದಿನ ಸಲ ನಲವತ್ತು ಹಿಡ್ಕೊಂಡು ಕಳ್ಸು.
ನಾನೂ ನಕ್ಕೆ. ಬೆಲ್ಲು ಹೊಡೆದರು.

ಮೇಡಮ್ಮು ಸೀಲು ಒತ್ತಿ ರಸೀತಿ ಹರಿದರು.
ಆರು ನೂರು ಕೊಟ್ಟಿದ್ದೆ; ಮೂವತ್ತು ವಾಪಸು,
ಮೂರಕ್ಕೆ ಚಿಲ್ಲರೆ ಇಲ್ಲವಂತೆ.
ಇರಲಿ ಬಿಡಿ ಮೇಡಂ.
ಶೆಡ್ಡಿನಲ್ಲಿ ನೀರು ಕಾದಿರುತ್ತದೆ,
ಗೂಡು ಬೆಂದಿರುತ್ತವೆ, ಎಳೆ ಹುಡುಕಬೇಕು.
ಹತ್ತು ದಾಟಿದರೆ ಅರ್ಧ ಕೂಲಿ.